ಶ್ರೇಢಿಯಲ್ಲಿ ಬೀಳುವ ಭಾಜಕಗಳನ್ನು ಎಣಿಸಲು ಪಾರಿ-ಜಿಪಿ: ಬಳಸಿ ನೋಡಿದವರ ವಿಮರ್ಶೆ

360ಕ್ಕೆ 24 ಭಾಜಕಗಳಿವೆ. ಅವುಗಳಲ್ಲಿ 4ರಿಂದ ಭಾಗಿಸಿದರೆ 1 ಉಳಿಯುವವು, ಅಂದರೆ 1, 5, 9, 13 ಎಂದು ಸಾಗುವ ಸಮಾಂತರ ಶ್ರೇಢಿಯಲ್ಲಿ ಬೀಳುವವು ಎಷ್ಟು? 1, 5, 9, 45, ಅಂದರೆ ನಾಲ್ಕು. 3 ಉಳಿಯುವವು 3 ಮತ್ತು 15, ಎರಡೇ. ಇಷ್ಟಕ್ಕೆ ಕಾಗದ ಪೆನ್ಸಿಲ್ ಸಾಕು. ಅದೇ ಪ್ರಶ್ನೆಯನ್ನು 100! (1ರಿಂದ 100ರವರೆಗಿನ ಸಂಖ್ಯೆಗಳ ಗುಣಲಬ್ಧ) ಬಗ್ಗೆ ಕೇಳಿದರೆ ಲೆಕ್ಕದ ಜಾತಿಯೇ ಬದಲಾಗುತ್ತದೆ. ಅದರ ಭಾಜಕಗಳ ಸಂಖ್ಯೆ 39001250856960000, ಅಂದರೆ ಸುಮಾರು 390 ಕೋಟಿ ಕೋಟಿ. ಒಂದೊಂದನ್ನೇ ಪಟ್ಟಿ ಮಾಡಿ ಶೇಷ ನೋಡುತ್ತೇನೆಂದು ಹೊರಟರೆ ಯಾವ ಕಂಪ್ಯೂಟರೂ ಮುಗಿಸಿ ಕೊಡುವುದಿಲ್ಲ. ಈ ಎರಡು ತುದಿಗಳ ನಡುವಿನ ಕೆಲಸಕ್ಕೆ ಪಾರಿ-ಜಿಪಿ ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಪಾರಿ-ಜಿಪಿ ಸಂಖ್ಯಾ ಸಿದ್ಧಾಂತಕ್ಕೆಂದೇ ಮಾಡಿದ ಉಚಿತ, ಮುಕ್ತ ತಂತ್ರಾಂಶ. 1980ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಆನ್ರಿ ಕೊಹೆನ್ ಮತ್ತು ಜೊತೆಗಾರರು ಶುರು ಮಾಡಿದ್ದು. ಪಾರಿ ಎಂದರೆ ಸಿ ಭಾಷೆಯ ಲೈಬ್ರರಿ, ಜಿಪಿ ಎಂದರೆ ಅದರ ಮೇಲೆ ಕೂತ ಆಜ್ಞಾಸಾಲಿನ ಕ್ಯಾಲ್ಕುಲೇಟರ್. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಬ್ರೌಸರ್‌ನಲ್ಲೇ ಓಡುವ ರೂಪವೂ ಇದೆ, ಆದರೆ ಅದು ರುಚಿ ನೋಡುವುದಕ್ಕೆ ಮಾತ್ರ. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ, ಕೀಲಿಮಣೆಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಹೊಡೆಯಬೇಕು. ದೊಡ್ಡಕ್ಷರ ಸಣ್ಣಕ್ಷರ ಎರಡೂ ಜಿಪಿಗೆ ಬೇರೆ ಬೇರೆ. ಮುಂದೆ ನ ಎಂದರೆ ಸಂಖ್ಯೆ, ಭ ಎಂದರೆ ಭಾಜಕ, ವ ಎಂದರೆ ಶ್ರೇಢಿಯ ಸಾಮಾನ್ಯ ವ್ಯತ್ಯಾಸ, ಶ ಎಂದರೆ ಶೇಷ.

ಮೊದಲೇ ಹೇಳಿಬಿಡಬೇಕಾದ್ದು: "ಈ ಶ್ರೇಢಿಯಲ್ಲಿ ಬೀಳುವ ಭಾಜಕಗಳು ಎಷ್ಟು" ಎಂದು ನೇರವಾಗಿ ಕೇಳುವ ಒಂದೇ ಆಜ್ಞೆಯನ್ನು ಹುಡುಕಬೇಡಿ. ಒಟ್ಟು ಭಾಜಕಗಳ ಸಂಖ್ಯೆಗೆ ನಮ್‌ಡಿವ್ ಇದೆ, ಪಟ್ಟಿಗೆ ಡಿವೈಸರ್ಸ್ ಇದೆ, ಪ್ರತಿ ಭಾಜಕದ ಮೇಲೂ ಏನಾದರೂ ಮಾಡಲು ಫೋರ್‌ಡಿವ್, ಪ್ರತಿ ಭಾಜಕದ ಮೇಲೂ ಕೂಡಿಸಲು ಸಮ್‌ಡಿವ್ ಇವೆ. ಉಳಿದದ್ದನ್ನು ನಾವೇ ಜೋಡಿಸಿಕೊಳ್ಳಬೇಕು. ಜೋಡಿಸುವ ದಾರಿ ಹಲವಿರುವುದರಿಂದ, ತಪ್ಪು ದಾರಿ ಹಿಡಿದವರು ತಂತ್ರಾಂಶ ನಿಧಾನ ಎಂದು ದೂರುತ್ತಾರೆ.

ಚಿಕ್ಕ ಸಂಖ್ಯೆಗೆ ಒಂದೇ ಸಾಲು ಸಾಕು: ಸಮ್‌ಡಿವ್(ನ, ಭ, ಭ % ವ == ಶ). ಇಲ್ಲಿ % ಎಂದರೆ ಭಾಗಿಸಿ ಉಳಿಯುವ ಶೇಷ, == ಎಂದರೆ ಎರಡೂ ಸಮವೇ ಎಂಬ ಹೋಲಿಕೆ. ಹೋಲಿಕೆ ನಿಜವಾದರೆ ಜಿಪಿ 1 ಕೊಡುತ್ತದೆ, ಸುಳ್ಳಾದರೆ 0. ಹಾಗಾಗಿ ಕೂಡಿದ ಮೊತ್ತವೇ ಎಣಿಕೆ. ಇಫ್ ಬೇಡ, ಪ್ರತ್ಯೇಕ ಎಣಿಕೆಗಾರ ಬೇಡ. 20!ಗೆ 41040 ಭಾಜಕಗಳು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. 4ರ ಲೆಕ್ಕದಲ್ಲಿ 1 ಉಳಿಯುವವು 1080, 3 ಉಳಿಯುವವೂ 1080.

ಈ ಒಂದು ಸಾಲಿನಲ್ಲೇ ಎಡವುವ ಜಾಗಗಳು ಎಷ್ಟೋ ಇವೆ. ಶೇಷ ಯಾವಾಗಲೂ 0ಯಿಂದ ವ-1ರ ಒಳಗೆ ಇರಬೇಕು. "4ರ ಗುಣಕಗಳು" ಬೇಕೆಂದು ಶ ಜಾಗದಲ್ಲಿ 4 ಬರೆದರೆ ಹೋಲಿಕೆ ಎಂದೂ ನಿಜವಾಗುವುದಿಲ್ಲ, ಸೊನ್ನೆ ಬರುತ್ತದೆ. ಎಚ್ಚರಿಕೆ ಏನೂ ಬರುವುದಿಲ್ಲ. ಋಣ ಸಂಖ್ಯೆಗೆ ಜಿಪಿಯ % ಚಿಹ್ನೆ ಋಣ ಶೇಷ ಕೊಡುವುದಿಲ್ಲ, ಅದೊಂದು ನೆಮ್ಮದಿ. ಸಿ ಭಾಷೆಯಿಂದ ಬಂದವರು ಇಲ್ಲಿ ಹೆಚ್ಚುವರಿ ಜಾಗ್ರತೆ ಮಾಡಬೇಕಾಗಿಲ್ಲ.

ಇದಕ್ಕಿಂತ ಕೆಟ್ಟದ್ದು ಹೆಸರಿನ ತಪ್ಪು. ಬೆಲೆ ಕೊಡದ ಹೆಸರನ್ನು ಬರೆದರೆ ಬೇರೆ ಭಾಷೆಗಳು ದೋಷ ಎನ್ನುತ್ತವೆ. ಜಿಪಿ ಅದನ್ನು ಬೀಜಗಣಿತದ ಚರಾಕ್ಷರ ಎಂದು ತಿಳಿದು ಸುಮ್ಮನೆ ಮುಂದುವರಿಯುತ್ತದೆ. ವ್ಯತ್ಯಾಸಕ್ಕೆ ಒಂದು ಹೆಸರು ಕೊಟ್ಟು, ಸೂತ್ರದಲ್ಲಿ ಒಂದಕ್ಷರ ತಪ್ಪಿಸಿ ಹೊಡೆದಿರಿ ಎಂದುಕೊಳ್ಳಿ. ಆಗ ಪ್ರತಿ ಭಾಜಕವನ್ನೂ ಒಂದು ಚರಾಕ್ಷರದಿಂದ ಭಾಗಿಸಿದಂತಾಗುತ್ತದೆ. ಸ್ಥಿರ ಸಂಖ್ಯೆಯನ್ನು ಚರಾಕ್ಷರದಿಂದ ಭಾಗಿಸಿದರೆ ಶೇಷ ಆ ಸಂಖ್ಯೆಯೇ. ಹಾಗಾಗಿ ಶೇಷ 1 ಕೇಳಿದವರಿಗೆ ಯಾವ ಸಂಖ್ಯೆಗೂ ಉತ್ತರ 1 ಎಂದೇ ಬರುತ್ತದೆ, ಏಕೆಂದರೆ 1 ಎಂಬ ಭಾಜಕ ಒಂದೇ 1ಕ್ಕೆ ಸಮ. ಅಂಕ ಬಂತು, ದೋಷವಿಲ್ಲ, ಉತ್ತರ ಮಾತ್ರ ಸುಳ್ಳು. ಇಷ್ಟು ಪ್ರೌಢವಾದ ತಂತ್ರಾಂಶ ಈ ವಿಷಯದಲ್ಲಿ ಒಂದು ಎಚ್ಚರಿಕೆ ಸಾಲನ್ನಾದರೂ ಕೊಡಬಾರದೇ ಎನಿಸುತ್ತದೆ. ಚರಾಕ್ಷರಗಳೇ ಬಂಡವಾಳವಾದ ಬೀಜಗಣಿತ ವ್ಯವಸ್ಥೆಗೆ ಇದು ಹುಟ್ಟುಗುಣ ಎಂಬುದೂ ನಿಜ.

ಇನ್ನೊಂದು ಗೊಂದಲ ತಂತ್ರಾಂಶದ್ದಲ್ಲ, ಪ್ರಶ್ನೆಯದ್ದು. ಶ್ರೇಢಿ ಬೇರೆ, ಶೇಷವರ್ಗ (ಒಂದೇ ಶೇಷ ಉಳಿಸುವ ಎಲ್ಲ ಸಂಖ್ಯೆಗಳ ಗುಂಪು) ಬೇರೆ. 7, 12, 17, 22 ಎಂದು ಸಾಗುವ ಶ್ರೇಢಿಯ ಪದಗಳೆಲ್ಲ 5ರಿಂದ ಭಾಗಿಸಿದರೆ 2 ಉಳಿಸುತ್ತವೆ. 2 ಕೂಡ ಹಾಗೆಯೇ ಉಳಿಸುತ್ತದೆ, ಆದರೆ ಅದು ಆ ಶ್ರೇಢಿಯಲ್ಲಿಲ್ಲ. 360ರ ಭಾಜಕಗಳಲ್ಲಿ ಶೇಷ 2 ಇರುವವು 2, 12, 72. ಶ್ರೇಢಿಯಲ್ಲಿರುವವು 12 ಮತ್ತು 72 ಮಾತ್ರ. ಮೊದಲ ಪದ ವ್ಯತ್ಯಾಸಕ್ಕಿಂತ ದೊಡ್ಡದಾಗಿದ್ದರೆ ಸೂತ್ರದಲ್ಲಿ "ಭ ಮೊದಲ ಪದಕ್ಕಿಂತ ಕಡಿಮೆ ಇರಬಾರದು" ಎಂಬ ಷರತ್ತನ್ನೂ && ಹಾಕಿ ಸೇರಿಸಬೇಕು.

ಈಗ ಪಟ್ಟಿ ಮಾಡುವ ದಾರಿ ಎಲ್ಲಿ ಮುರಿಯುತ್ತದೆ ಎಂಬುದು. ಫೋರ್‌ಡಿವ್ ಹೆಸರು ಕೇಳಿದರೆ ಭಾಜಕಗಳನ್ನು ಒಂದೊಂದಾಗಿ ಹುಟ್ಟಿಸುತ್ತ ಹೋಗುತ್ತದೆ ಎನಿಸುತ್ತದೆ. ಹಾಗಲ್ಲ, ಅದು ಮೊದಲು ಇಡೀ ಪಟ್ಟಿಯನ್ನು ಸ್ಮೃತಿಯಲ್ಲಿ ಕಟ್ಟಿಕೊಂಡು ಆಮೇಲೆ ಸುತ್ತುತ್ತದೆ. 30!ಗೆ 2332800 ಭಾಜಕಗಳು. 64 ಬಿಟ್ ಯಂತ್ರದಲ್ಲಿ ಒಂದೊಂದಕ್ಕೂ ಪಟ್ಟಿಯ ಜಾಗ ಸೇರಿ 32ರಿಂದ 40 ಬೈಟ್ ಬೇಕು. ಅಂದರೆ ಪಟ್ಟಿಗೇ 90 ಎಂಬಿ ಆಸುಪಾಸು. ಜಿಪಿ ತೆರೆದಾಗ ಬರುವ ಸಾಲಿನಲ್ಲಿ ಪಾರಿಸೈಜ್ (ಲೆಕ್ಕಕ್ಕೆ ಮೀಸಲಿಟ್ಟ ಸ್ಮೃತಿ, ಅಂದರೆ ಸ್ಟ್ಯಾಕ್) 8000000 ಎಂದಿದ್ದರೆ ನಿಮ್ಮ ಬಳಿ ಇರುವುದು 8 ಎಂಬಿ ಮಾತ್ರ, ಸ್ಟ್ಯಾಕ್ ತುಂಬಿ ಹರಿಯಿತು ಎಂಬ ದೋಷ ಬಂದು ಲೆಕ್ಕ ನಿಲ್ಲುತ್ತದೆ. ಪಾರಿಸೈಜ್‌ಮ್ಯಾಕ್ಸ್ ಅನ್ನು 1 ಜಿಬಿಗೆ ಏರಿಸಿದರೆ 30! ದಾಟಬಹುದು. ಆದರೆ ಇದು ರೋಗಕ್ಕೆ ಮದ್ದಲ್ಲ, ಬರೀ ನೋವಿನ ಮಾತ್ರೆ. ಇನ್ನು ನಾಲ್ಕು ಅವಿಭಾಜ್ಯಗಳು ಸೇರಿದರೆ ಪಟ್ಟಿ ಕನಿಷ್ಠ 16 ಪಟ್ಟು ಬೆಳೆಯುತ್ತದೆ.

ಸರಿಯಾದ ಮದ್ದು ಪಟ್ಟಿಯನ್ನೇ ಬಿಡುವುದು. ನಮಗೆ ಬೇಕಿರುವುದು ಭಾಜಕಗಳಲ್ಲ, ಪ್ರತಿ ಶೇಷಕ್ಕೆ ಎಷ್ಟು ಭಾಜಕಗಳು ಎಂಬ ಲೆಕ್ಕ. ವ ಮನೆಗಳಿರುವ ಒಂದು ಸಾಲು ಇಟ್ಟುಕೊಳ್ಳಿ, ಎಲ್ಲ ಮನೆಯಲ್ಲೂ 0. ಶೇಷ 1ರ ಮನೆಯಲ್ಲಿ ಮಾತ್ರ 1 ಇಡಿ, ಅದು 1 ಎಂಬ ಭಾಜಕದ ಗುರುತು. ಆಮೇಲೆ ಫ್ಯಾಕ್ಟರ್ ಆಜ್ಞೆಯಿಂದ ಸಂಖ್ಯೆಯನ್ನು ಅವಿಭಾಜ್ಯಗಳ ಘಾತಗಳಾಗಿ ಬಿಡಿಸಿ, ಒಂದೊಂದು ಅವಿಭಾಜ್ಯವನ್ನೂ ಸಾಲಿನ ಮೇಲೆ ಹಾಯಿಸಿ. ಅವಿಭಾಜ್ಯ ಪ, ಅದರ ಘಾತ ಘ ಆದರೆ, ಶೇಷ ಅ ಇರುವ ಮನೆಯ ಎಣಿಕೆಯನ್ನು ಅ, ಅ×ಪ, ಅ×ಪ×ಪ ಹೀಗೆ ಘ ಸಲ ಗುಣಿಸಿದವರೆಗಿನ ಎಲ್ಲ ಶೇಷಗಳ ಮನೆಗಳಿಗೂ ಹೊಸ ಸಾಲಿನಲ್ಲಿ ಸೇರಿಸಬೇಕು. ಹಳೆಯ ಸಾಲು ಎಸೆದು ಹೊಸದನ್ನು ಮುಂದಕ್ಕೆ ಒಯ್ಯಿರಿ. ಹಳೆಯ ಸಾಲಿನಲ್ಲೇ ಕೂಡಿಸುತ್ತ ಹೋದರೆ ಈಗಷ್ಟೇ ಸೇರಿಸಿದ್ದನ್ನೇ ಮತ್ತೆ ಎಣಿಸಿದಂತಾಗಿ ಲೆಕ್ಕ ಉಬ್ಬುತ್ತದೆ.

360 = 2³ × 3² × 5 ಎಂಬುದನ್ನು 5ರ ಲೆಕ್ಕದಲ್ಲಿ ನಡೆಸಿ ನೋಡಿ. 2ರ ಘಾತಗಳು 1, 2, 4, 8. ಅವುಗಳ ಶೇಷ 1, 2, 4, 3. ಹಾಗಾಗಿ ಮೊದಲ ಸುತ್ತಿನ ಕೊನೆಗೆ 1ರಿಂದ 4ರವರೆಗಿನ ನಾಲ್ಕೂ ಮನೆಯಲ್ಲಿ ಒಂದೊಂದು. 3² ಮೂರು ಗುಣಕಗಳನ್ನು (1, 3, 9) ತರುತ್ತದೆ, ನಾಲ್ಕೂ ಮನೆ ಸಮವಾಗಿದ್ದುದರಿಂದ ಈಗ ಮೂರು ಮೂರು. ಕೊನೆಗೆ 5: ಗುಣಕ 1 ಇದ್ದದ್ದನ್ನು ಇದ್ದಲ್ಲೇ ಇಡುತ್ತದೆ, ಗುಣಕ 5 ಎಲ್ಲವನ್ನೂ 0 ಮನೆಗೆ ತಳ್ಳುತ್ತದೆ. ಉತ್ತರ: 0 ಮನೆಯಲ್ಲಿ 12, ಉಳಿದ ನಾಲ್ಕರಲ್ಲಿ ಮೂರು ಮೂರು, ಒಟ್ಟು 24. ಶೇಷ 2ರ ಮೂರು ಯಾವುವೆಂದು ಮೇಲೆಯೇ ಕಂಡೆವು.

ಈ ದಾರಿಯ ಖರ್ಚು ಭಾಜಕಗಳ ಸಂಖ್ಯೆಯ ಮೇಲೆ ನಿಂತಿಲ್ಲ. 100!ದಲ್ಲಿ 25 ಅವಿಭಾಜ್ಯಗಳು, ಪ್ರತಿ ಘಾತಕ್ಕೂ ಒಂದು ಸೇರಿಸಿ ಕೂಡಿದರೆ 264. ವ್ಯತ್ಯಾಸ 4 ಆದರೆ 264 × 4 = 1056 ಕೂಡುವ ಲೆಕ್ಕ, ಅಷ್ಟೇ. 390 ಕೋಟಿ ಕೋಟಿ ಎಲ್ಲಿ, ಸಾವಿರ ಎಲ್ಲಿ! ಬರುವ ಉತ್ತರ: ಶೇಷ 1ಕ್ಕೆ 198985973760000, ಶೇಷ 3ಕ್ಕೂ ಅಷ್ಟೇ. ವ್ಯತ್ಯಾಸ 1000 ಇದ್ದರೂ 264000 ಹೆಜ್ಜೆ. ಜಿಪಿಯ ಪೂರ್ಣಾಂಕಗಳಿಗೆ ಗಾತ್ರದ ಮಿತಿ ಇಲ್ಲದ್ದರಿಂದ ಮನೆಗಳಲ್ಲಿನ ಎಣಿಕೆ ಎಷ್ಟೇ ಬೆಳೆದರೂ ಅಂಕೆ ಕಳೆಯುವುದಿಲ್ಲ. ಲೆಕ್ಕಪಟ್ಟಿ ತಂತ್ರಾಂಶಗಳಲ್ಲಿ ಇದೇ ವಿಧಾನ 15 ಅಂಕೆಗಳಾಚೆ ಹೋದ ಕೂಡಲೇ ಸದ್ದಿಲ್ಲದೆ ಕೆಡುತ್ತದೆ.

ಬರೆಯುವಾಗ ಒಂದು ಕಿರಿಕಿರಿ: ಜಿಪಿಯ ಸಾಲುಗಳ ಮನೆ ಸಂಖ್ಯೆ 1ರಿಂದ ಶುರು, ಶೇಷ 0ಯಿಂದ. ಶೇಷ ಅ ಇರುವುದು ಅ+1ನೇ ಮನೆಯಲ್ಲಿ. ಇದನ್ನು ಒಂದು ಕಡೆ ಮರೆತರೆ 0ನೇ ಮನೆ ಇಲ್ಲ ಎಂಬ ದೋಷ ಬರುತ್ತದೆ, ಅದು ಅದೃಷ್ಟ. ಎಲ್ಲ ಕಡೆ ಒಂದೇ ರೀತಿ ಮರೆತು ಓದುವಾಗ ಮಾತ್ರ ನೆನಪಾದರೆ ಪಕ್ಕದ ಮನೆಯ ಉತ್ತರ ಕೈಗೆ ಬರುತ್ತದೆ. ಹಲವು ಸಾಲುಗಳ ಫಂಕ್ಷನ್ ಬರೆಯುವಾಗ ಇಡೀ ಫಂಕ್ಷನನ್ನು ಪುಷ್ಪಾವರಣದೊಳಗೆ ಇಡಬೇಕು, ಇಲ್ಲವಾದರೆ ಸಾಲು ಮುಗಿದಲ್ಲೇ ಆಜ್ಞೆ ಮುಗಿಯಿತು ಎಂದು ಜಿಪಿ ತಿಳಿಯುತ್ತದೆ. ಒಳಗಿನ ಹೆಸರುಗಳನ್ನು ಮೈ (ಇಂಗ್ಲಿಷಿನ ಎಂ, ವೈ) ಎಂಬ ಆಜ್ಞೆಯಿಂದ ಘೋಷಿಸದಿದ್ದರೆ ಅವು ಹೊರಗೂ ಉಳಿದು ಮುಂದಿನ ಲೆಕ್ಕದಲ್ಲಿ ಕಾಲಿಗೆ ತೊಡರುತ್ತವೆ.

ವ್ಯತ್ಯಾಸ 3 ಅಥವಾ 4 ಆಗಿದ್ದರೆ ಸಾಲೂ ಬೇಡ. 4ಕ್ಕೆ ಹೀಗೆ: ಶೇಷ 1ರ ಎಣಿಕೆಯಿಂದ ಶೇಷ 3ರ ಎಣಿಕೆ ಕಳೆದರೆ ಬರುವ ಅಂತರ ಅವಿಭಾಜ್ಯಗಳ ಮೇಲೆ ಗುಣಲಬ್ಧವಾಗಿ ಒಡೆಯುತ್ತದೆ. 2ರಿಂದ ಏನೂ ಬದಲಾಗದು. 4ರಿಂದ ಭಾಗಿಸಿದರೆ 1 ಉಳಿಯುವ ಅವಿಭಾಜ್ಯದ ಘಾತ ಘ ಆದರೆ ಅದರ ಪಾಲು ಘ+1. 3 ಉಳಿಯುವ ಅವಿಭಾಜ್ಯದ ಘಾತ ಸಮವಾದರೆ 1, ಬೆಸವಾದರೆ 0. 100!ದಲ್ಲಿ 11ರ ಘಾತ 9, ಬೆಸ. ಆದ್ದರಿಂದ ಅಂತರ ಸೊನ್ನೆ, ಬೆಸ ಭಾಜಕಗಳು ಎರಡು ವರ್ಗಕ್ಕೂ ಸರಿಸಮ ಹಂಚಿಕೆ. ಮೇಲಿನ ದೊಡ್ಡ ಉತ್ತರವನ್ನು ಬಾಯಿಲೆಕ್ಕದಲ್ಲೇ ತಾಳೆ ನೋಡಲು ಇಷ್ಟು ಸಾಕು. 360ಕ್ಕೆ 3ರ ಪಾಲು 1, 5ರ ಪಾಲು 2, ಅಂತರ 2. ಬೆಸ ಭಾಜಕಗಳು 6, ಹಾಗಾಗಿ (6+2)/2 = 4 ಮತ್ತು (6−2)/2 = 2. ಜಿಪಿಯಲ್ಲಿ ಈ ಅಂತರವನ್ನು ಸಮ್‌ಡಿವ್ ಒಳಗೆ ಕ್ರೋನೆಕರ್(−4, ಭ) ಎಂದು ಬರೆದು ಪಡೆಯಬಹುದು. ಶೇಷ 1ಕ್ಕೆ +1, 3ಕ್ಕೆ −1, ಸಮ ಭಾಜಕಕ್ಕೆ 0 ಕೊಡುವ ಆಜ್ಞೆ ಅದು. 3ಕ್ಕೆ ಕ್ರೋನೆಕರ್(−3, ಭ).

ಇಲ್ಲಿ ಹಲವರು ಉತ್ಸಾಹದಿಂದ ಒಂದು ಹೆಜ್ಜೆ ಮುಂದೆ ಹೋಗಿ 5ಕ್ಕೆ ಕ್ರೋನೆಕರ್(5, ಭ) ಬರೆಯುತ್ತಾರೆ. ಅದು 1 ಮತ್ತು 4ನ್ನು ಒಂದು ಗುಂಪು, 2 ಮತ್ತು 3ನ್ನು ಇನ್ನೊಂದು ಗುಂಪು ಮಾಡುತ್ತದೆಯೇ ಹೊರತು ನಾಲ್ಕನ್ನೂ ಬಿಡಿಬಿಡಿಯಾಗಿ ತೋರಿಸುವುದಿಲ್ಲ. ಹೀಗೆ ಶೇಷ ನೋಡಿ ಬೆಲೆ ಕೊಡುವ, ಗುಣಾಕಾರಕ್ಕೆ ಒಗ್ಗುವ ಫಲನಕ್ಕೆ ಡಿರಿಕ್ಲೆ ಕ್ಯಾರೆಕ್ಟರ್ ಎಂದು ಹೆಸರು. +1, −1 ಬೆಲೆಗಳ ಡಿರಿಕ್ಲೆ ಕ್ಯಾರೆಕ್ಟರ್‌ಗಳಿಂದಲೇ ಎಲ್ಲ ಶೇಷಗಳನ್ನೂ ಬೇರ್ಪಡಿಸಲು ಆಗುವುದು ವ್ಯತ್ಯಾಸ 24ರ ಭಾಜಕವಾದಾಗ ಮಾತ್ರ. ಉಳಿದವಕ್ಕೆ ಸಮ್ಮಿಶ್ರ ಬೆಲೆಯ ಕ್ಯಾರೆಕ್ಟರ್‌ಗಳು ಬೇಕು. ಜಿಪಿಯಲ್ಲಿ ಅದಕ್ಕೂ ಸಲಕರಣೆ ಇದೆ, ಆದರೆ ದಶಮಾಂಶದಲ್ಲಿ ಕೂಡಿಸಿ ಕೊನೆಗೆ ಹತ್ತಿರದ ಪೂರ್ಣಾಂಕಕ್ಕೆ ತರುವ ಗೋಜು ಯಾಕೆ? ಮೇಲಿನ ಮನೆಗಳ ಸಾಲು ಪೂರ್ಣಾಂಕಗಳಲ್ಲೇ ಮುಗಿಸುತ್ತದೆ.

ಶೇಷಕ್ಕೂ ವ್ಯತ್ಯಾಸಕ್ಕೂ ಸಾಮಾನ್ಯ ಅಪವರ್ತನ ಇದ್ದಾಗ ಕ್ಯಾರೆಕ್ಟರ್ ದಾರಿ ನೇರವಾಗಿ ಕೆಲಸ ಮಾಡದು. ಮ.ಸಾ.ಅ. ತೆಗೆದು ಸಂಖ್ಯೆ, ಶೇಷ, ವ್ಯತ್ಯಾಸ ಮೂರನ್ನೂ ಅದರಿಂದ ಭಾಗಿಸಬೇಕು. ಸಂಖ್ಯೆ ಭಾಗವಾಗದಿದ್ದರೆ ಉತ್ತರ 0, ಮುಗಿಯಿತು. ಉದಾಹರಣೆಗೆ 360ರ ಭಾಜಕಗಳಲ್ಲಿ ಕೊನೆಯ ಅಂಕೆ 6 ಇರುವವು: ವ್ಯತ್ಯಾಸ 10, ಶೇಷ 6, ಮ.ಸಾ.ಅ. 2. ಈಗ 180ರ ಭಾಜಕಗಳಲ್ಲಿ 5ರಿಂದ ಭಾಗಿಸಿದರೆ 3 ಉಳಿಯುವವನ್ನು ನೋಡಬೇಕು. ಅವು 3 ಮತ್ತು 18. ಇಮ್ಮಡಿ ಮಾಡಿದರೆ 6, 36. ಮನೆಗಳ ಸಾಲಿನ ವಿಧಾನಕ್ಕೆ ಈ ಪೂರ್ವಸಿದ್ಧತೆಯೂ ಬೇಡ.

ಮನೆಗಳ ಸಾಲಿಗೂ ಮಿತಿಯಿದೆ. ವ್ಯತ್ಯಾಸ ಕೋಟಿಗಳಲ್ಲಿದ್ದರೆ ಕೋಟಿ ಮನೆ ಕಟ್ಟಬೇಕು, ಬಹುಪಾಲು ಖಾಲಿ. ಆಗ ಮ್ಯಾಪ್ (ಇದೊಂದರ ಮೊದಲಕ್ಷರ ದೊಡ್ಡಕ್ಷರ) ಬಳಸಿ ತುಂಬಿದ ಮನೆಗಳನ್ನಷ್ಟೇ ಇಟ್ಟುಕೊಳ್ಳಬಹುದು. ಅದಕ್ಕೂ ಮೀರಿದ ಸನ್ನಿವೇಶದಲ್ಲಿ ಪಾರಿಯ ನಿಜವಾದ ಒಡವೆ ಹೊರಬರುತ್ತದೆ: ಡಿವೈಸರ್ಸ್‌ಲೆನ್‌ಸ್ಟ್ರಾ(ನ, ಶ, ವ). ವ್ಯತ್ಯಾಸದ ಘನ ಸಂಖ್ಯೆಗಿಂತ ದೊಡ್ಡದಾಗಿದ್ದು, ಶೇಷ ಮತ್ತು ವ್ಯತ್ಯಾಸ ಸಹ-ಅವಿಭಾಜ್ಯಗಳಾಗಿದ್ದರೆ, ಆ ಶೇಷವರ್ಗದಲ್ಲಿ 11ಕ್ಕಿಂತ ಹೆಚ್ಚು ಭಾಜಕಗಳು ಇರಲು ಸಾಧ್ಯವಿಲ್ಲ ಎಂದು ಹೆಂಡ್ರಿಕ್ ಲೆನ್‌ಸ್ಟ್ರಾ 1984ರಲ್ಲಿ ತೋರಿಸಿದರು. ಅವನ್ನೆಲ್ಲ ಬೇಗ ಹುಡುಕುವ ವಿಧಾನವನ್ನೂ ಕೊಟ್ಟರು. ಇದರ ವಿಶೇಷ ಏನೆಂದರೆ ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಬಿಡಿಸಬೇಕಾಗಿಯೇ ಇಲ್ಲ. ಉಳಿದ ಎಲ್ಲ ದಾರಿಗಳೂ ಫ್ಯಾಕ್ಟರ್ ಆಜ್ಞೆಯ ಕೈಗೆ ಜುಟ್ಟು ಕೊಟ್ಟು ಕೂತಿರುತ್ತವೆ. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವಾದ ನೂರು ಅಂಕೆಯ ಸಂಖ್ಯೆ ಕೊಟ್ಟರೆ ಅಲ್ಲಿಯೇ ಕಾಯಬೇಕು, ಆಮೇಲಿನ ಎಣಿಕೆ ಲೆಕ್ಕಕ್ಕೇ ಇಲ್ಲ.

245784, ಶೇಷ 19, ವ್ಯತ್ಯಾಸ 65 ಕೊಟ್ಟು ನೋಡಿ. 65ರ ಘನ 274625, ಷರತ್ತು ಸರಿಹೋಗುತ್ತದೆ. ಉತ್ತರ ಆರು ಭಾಜಕಗಳು: 19, 84, 539, 1254, 3724, 245784. ಕೈಯಲ್ಲಿ ತಾಳೆ ನೋಡುವುದಕ್ಕೂ ಇದು ಒಳ್ಳೆಯ ಮಾದರಿ. ಸಂಖ್ಯೆಯೇ 65ರಿಂದ ಭಾಗಿಸಿದರೆ 19 ಉಳಿಸುತ್ತದೆ, ಹಾಗಾಗಿ 19 ಉಳಿಸುವ ಪ್ರತಿ ಭಾಜಕದ ಜೊತೆಗಾರ 1 ಉಳಿಸಲೇಬೇಕು. 84ರ ಜೊತೆಗಾರ 2926, 539ರದ್ದು 456, 1254ರದ್ದು 196. ಎಲ್ಲವೂ 65ರ ಗುಣಕಕ್ಕಿಂತ ಒಂದು ಹೆಚ್ಚು.

ದೂರು ಏನೆಂದರೆ, ಘನದ ಷರತ್ತು ಸರಿಹೋಗದಿದ್ದರೂ ಈ ಆಜ್ಞೆ ಏನೋ ಒಂದು ಪಟ್ಟಿ ಕೊಡುತ್ತದೆ, ಅದರಲ್ಲಿ ಕೆಲವು ಭಾಜಕಗಳು ಬಿಟ್ಟುಹೋಗಿರಬಹುದು. ಷರತ್ತು ಪಾಲಿಸುವುದು ಬಳಸುವವರ ಹೊಣೆ. ಆಜ್ಞೆಯನ್ನು ನೇರವಾಗಿ ಕರೆಯದೆ, ಘನ ಮತ್ತು ಮ.ಸಾ.ಅ. ಎರಡನ್ನೂ ಪರೀಕ್ಷಿಸಿ ತಪ್ಪಿದ್ದರೆ ದೋಷ ಎಸೆಯುವ ನಾಲ್ಕು ಸಾಲಿನ ಹೊದಿಕೆ ಬರೆದುಕೊಳ್ಳಿ. ಹಳೆಯ ಆವೃತ್ತಿಗಳಲ್ಲಿ ಈ ಆಜ್ಞೆ ಇಲ್ಲವೇ ಇಲ್ಲ. ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಹೆಸರು ಹೊಡೆದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಒಂದು ಸಂಖ್ಯೆಯದಲ್ಲ, 1ರಿಂದ ಕ್ಷ ವರೆಗಿನ ಎಲ್ಲ ಸಂಖ್ಯೆಗಳ ಇಂಥ ಭಾಜಕಗಳ ಎಣಿಕೆಗಳನ್ನು ಕೂಡಿದ ಮೊತ್ತ ಬೇಕೆಂದರೆ ಅಪವರ್ತನಗಳಾಗಿ ಬಿಡಿಸುವ ಮಾತೇ ಬೇಡ. ಭ ಎಂಬುದು ಕ್ಷ ಒಳಗಿನ ಎಷ್ಟು ಸಂಖ್ಯೆಗಳನ್ನು ಭಾಗಿಸುತ್ತದೋ ಅಷ್ಟು ಸಲ ಎಣಿಕೆಗೆ ಬರುತ್ತದೆ, ಅಂದರೆ ಕ್ಷ/ಭ ಭಾಗಲಬ್ಧದ ಪೂರ್ಣಾಂಕ ಭಾಗ. ಶ್ರೇಢಿಯ ಪ್ರತಿ ಪದಕ್ಕೂ ಅದನ್ನು ಕೂಡಿಸಿದರಾಯಿತು. 100ರವರೆಗೆ, ವ್ಯತ್ಯಾಸ 4: ಶೇಷ 1ಕ್ಕೆ 177, ಶೇಷ 3ಕ್ಕೆ 98. ಇಷ್ಟು ಅಂತರ ಯಾಕೆಂದು ಅಚ್ಚರಿಪಡಬೇಕಿಲ್ಲ, 1 ಎಂಬ ಭಾಜಕ ಒಂದೇ ನೂರು ಸಲ ಎಣಿಕೆಯಾಗಿದೆ.

ಕ್ಷ ದೊಡ್ಡದಾದರೆ ಈ ಕೂಡುವಿಕೆಯೂ ಭಾರ. 10¹²ಕ್ಕೆ, ವ್ಯತ್ಯಾಸ 4ಕ್ಕೆ, 25 ಸಾವಿರ ಕೋಟಿ ಹೆಜ್ಜೆ. ಇಲ್ಲಿ ಡಿರಿಕ್ಲೆಯ ಅತಿಪರವಲಯ ವಿಧಾನ ಹಾಕಬೇಕು. ಕ್ಷ-ದ ವರ್ಗಮೂಲದ ಪೂರ್ಣಾಂಕ ಭಾಗ ಮ ಎಂದಿರಲಿ. ಮ ವರೆಗಿನ ಶ್ರೇಢಿಯ ಪದಗಳಿಗೆ ಕ್ಷ/ಭ ಕೂಡಿಸಿ. ಆಮೇಲೆ 1ರಿಂದ ಮ ವರೆಗಿನ ಪ್ರತಿ ಸಂಖ್ಯೆ ಜ-ಗೂ ಕ್ಷ/ಜ ವರೆಗೆ ಶ್ರೇಢಿಯ ಎಷ್ಟು ಪದಗಳಿವೆ ಎಂದು ಕೂಡಿಸಿ. ಎರಡರಲ್ಲೂ ಬಂದದ್ದನ್ನು, ಅಂದರೆ ಮ × (ಮ ವರೆಗಿನ ಪದಗಳ ಸಂಖ್ಯೆ), ಕಳೆಯಿರಿ. 100ಕ್ಕೆ, ಶೇಷ 1ಕ್ಕೆ: ಮೊದಲ ಭಾಗ 100 + 20 + 11 = 131. ಎರಡನೆಯದು 25 + 13 + 9 + 7 + 5 + 4 + 4 + 3 + 3 + 3 = 76. ಕಳೆಯುವುದು 10 × 3 = 30. ಉತ್ತರ 177, ಸರಿ. 10¹²ಕ್ಕೆ ಈಗ ಹನ್ನೆರಡೂವರೆ ಲಕ್ಷ ಹೆಜ್ಜೆ ಸಾಕು.

ಯ ವರೆಗಿನ ಪದಗಳ ಸಂಖ್ಯೆ (ಯ−ಶ)\ವ + 1, ಶ 1ರಿಂದ ವ ವರೆಗೆ ಇದ್ದರೆ (ಶೇಷ 0 ಆದಾಗ ಈ ಸೂತ್ರದಲ್ಲಿ ಮಾತ್ರ ಶ ಬದಲು ವ). ಜಿಪಿಯ ಹಿಂಬಾಗಿದ ಗೆರೆ ಕೆಳಗಿನ ಪೂರ್ಣಾಂಕಕ್ಕೇ ಇಳಿಸುವುದರಿಂದ ಯ ಚಿಕ್ಕದಾಗಿದ್ದರೂ ಸೂತ್ರ ತಾನಾಗಿ 0 ಕೊಡುತ್ತದೆ. ಇದನ್ನು ಹಾಗೆಯೇ ಸಿ ಭಾಷೆಗೆ ಎತ್ತಿದರೆ ಅಲ್ಲಿ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಇಲ್ಲದ ಪದ ಒಂದು ಎಣಿಕೆಗೆ ಸೇರುತ್ತದೆ. ವರ್ಗಮೂಲಕ್ಕೆ ದಶಮಾಂಶದ ಎಸ್‌ಕ್ಯುಆರ್‌ಟಿ ಬೇಡ, ಪೂರ್ಣಾಂಕದ ಎಸ್‌ಕ್ಯುಆರ್‌ಟಿಇಂಟ್ ಬಳಸಿ. ದೊಡ್ಡ ಸಂಖ್ಯೆಯನ್ನು 10^12 ಎಂದೇ ಬರೆಯಬೇಕು. 1ಇ12 ಎಂದು ಬರೆದರೆ ಜಿಪಿ ಅದನ್ನು ದಶಮಾಂಶ ಸಂಖ್ಯೆ ಎಂದು ಓದಿ ಪೂರ್ಣಾಂಕ ಬೇಡುವ ಆಜ್ಞೆಗಳಲ್ಲಿ ದೋಷ ಕೊಡುತ್ತದೆ.

ಮೊತ್ತವಲ್ಲ, ಪ್ರತಿ ಸಂಖ್ಯೆಗೂ ಬೇರೆ ಬೇರೆ ಎಣಿಕೆ ಬೇಕಾದರೆ ಜರಡಿ ಹಿಡಿಯಿರಿ. ಫೋರ್‌ಸ್ಟೆಪ್ ಒಳಗೆ ಇನ್ನೊಂದು ಫೋರ್‌ಸ್ಟೆಪ್: ಹೊರಗಿನದು ಶ್ರೇಢಿಯ ಪದಗಳ ಮೇಲೆ, ಒಳಗಿನದು ಆ ಪದದ ಗುಣಕಗಳ ಮೇಲೆ, ಗುಣಕದ ಮನೆಗೆ ಒಂದೊಂದು ಕೂಡಿಸುತ್ತ. ವೆಕ್ಟರ್ ಬದಲು ವೆಕ್ಟರ್‌ಸ್ಮಾಲ್ ಇಟ್ಟರೆ ಮನೆಗೆ 8 ಬೈಟ್ ಸಾಕು. ಹತ್ತು ಲಕ್ಷ ಮನೆ ಎಂದರೆ 8 ಎಂಬಿ, ಪಾರಿಸೈಜ್ ಮಿತಿಯನ್ನೇ ಮುಟ್ಟುತ್ತದೆ, ಮೊದಲೇ ಏರಿಸಿಕೊಳ್ಳಿ. ಶೇಷ 0 ಆದರೆ ಹೊರಗಿನ ಸುತ್ತು 0ಯಿಂದ ಅಲ್ಲ, ವ-ಯಿಂದ ಶುರುವಾಗಬೇಕು. ಇಲ್ಲವಾದರೆ ಒಳಗಿನ ಹೆಜ್ಜೆ 0 ಆಗಿ ಜಿಪಿ ನಿಲ್ಲಿಸಿಬಿಡುತ್ತದೆ.

ಬೇರೆ ತಂತ್ರಾಂಶಗಳ ಮಾತು ಚುಟುಕಾಗಿ. ಪೈಥಾನ್ ಬಳಸುವವರಿಗೆ ಅದರ ಗಣಿತದ ಲೈಬ್ರರಿ ಸಿಮ್‌ಪೈ ಸಾಕು, ಮನೆಗಳ ಸಾಲಿನ ವಿಧಾನ ಅಲ್ಲಿಯೂ ಅಷ್ಟೇ ಸುಲಭ. ದೊಡ್ಡ ಸಂಖ್ಯೆ ಬಿಡಿಸುವಾಗ ಮಾತ್ರ ಪಾರಿ ಮುಂದು. ಹಲವು ಗಣಿತ ತಂತ್ರಾಂಶಗಳನ್ನು ಒಟ್ಟು ಸೇರಿಸಿದ ಸೇಜ್‌ಮ್ಯಾತ್ ಒಳಗೆ ಪಾರಿಯೇ ಕೂತಿದೆ. ಇಷ್ಟೇ ಕೆಲಸಕ್ಕೆ ಅಷ್ಟು ದೊಡ್ಡ ಸಂಸಾರ ಹೂಡಬೇಕಿಲ್ಲ.

ಮೌನವಾಗಿ ತಪ್ಪುವ ಸಲಕರಣೆಗೆ ಪರೀಕ್ಷೆಗಳೇ ಕಾವಲು, ಮತ್ತು ಈ ವಿಷಯದಲ್ಲಿ ಪರೀಕ್ಷೆಗಳಿಗೆ ಬರವಿಲ್ಲ. ಎಲ್ಲ ಶೇಷಗಳ ಎಣಿಕೆ ಕೂಡಿದರೆ ನಮ್‌ಡಿವ್ ಕೊಡುವ ಸಂಖ್ಯೆಯೇ ಬರಬೇಕು. 4ರ ಲೆಕ್ಕದಲ್ಲಿ ಶೇಷ 3ರ ಎಣಿಕೆ ಶೇಷ 1ರದ್ದನ್ನು ಎಂದೂ ಮೀರದು. ಮೀರಿದರೆ ಮನೆ ಸಂಖ್ಯೆ ತಪ್ಪಿದೆ. ಸಂಖ್ಯೆಯೇ 4ರಿಂದ ಭಾಗಿಸಿದರೆ 3 ಉಳಿಸುವಂಥದ್ದಾದರೆ ಎರಡೂ ಸಮವಾಗಿರಲೇಬೇಕು, ಏಕೆಂದರೆ ಪ್ರತಿ ಭಾಜಕದ ಜೊತೆಗಾರ ಇನ್ನೊಂದು ವರ್ಗದಲ್ಲಿ ಬೀಳುತ್ತದೆ. 15ರಲ್ಲಿ 1, 5 ಒಂದು ಕಡೆ, 3, 15 ಇನ್ನೊಂದು ಕಡೆ. ಎರಡು ಪೂರ್ಣಾಂಕಗಳ ವರ್ಗಗಳ (ಸ್ಕ್ವೇರ್) ಮೊತ್ತವಾಗಿ ಸಂಖ್ಯೆಯನ್ನು ಬರೆಯುವ ವಿಧಗಳು ಶೇಷ 1 ಮತ್ತು 3ರ ಎಣಿಕೆಗಳ ಅಂತರದ ನಾಲ್ಕು ಪಟ್ಟು ಎಂಬುದು ಯಾಕೋಬಿಯ ಪ್ರಮೇಯ. 360ಕ್ಕೆ 4 × 2 = 8, ಮತ್ತು 360 = 6² + 18² ಎಂಬುದನ್ನು ಚಿಹ್ನೆ, ಕ್ರಮ ಬದಲಿಸಿ ಬರೆದರೆ ಎಂಟೇ ಬಗೆ. ಮೊತ್ತದ ಲೆಕ್ಕಕ್ಕೂ ಇದೇ ಪರೀಕ್ಷೆ: 177 − 98 = 79, ನಾಲ್ಕು ಪಟ್ಟು 316, ಮೂಲಬಿಂದು ಸೇರಿ 317. 10 ತ್ರಿಜ್ಯದ ವೃತ್ತದೊಳಗೆ, ಅಂಚೂ ಸೇರಿ, ಇರುವ ಪೂರ್ಣಾಂಕ ಬಿಂದುಗಳು ಸರಿಯಾಗಿ ಅಷ್ಟೇ. ನೀಲ್ ಸ್ಲೋನ್ ಶುರು ಮಾಡಿದ ಪೂರ್ಣಾಂಕ ಶ್ರೇಣಿಗಳ ಆನ್‌ಲೈನ್ ವಿಶ್ವಕೋಶದಲ್ಲಿ ಶೇಷ 1ರ ಎಣಿಕೆ ಎ001826, ಶೇಷ 3ರದ್ದು ಎ001842. ವ್ಯತ್ಯಾಸ 3ಕ್ಕೆ ಎ001817 ಮತ್ತು ಎ001822. ಮೊದಲ ಹತ್ತಿಪ್ಪತ್ತು ಪದ ಅಲ್ಲಿಂದ ತಂದು ಎದುರಿಗಿಟ್ಟು ನೋಡಬಹುದು.

ಇವನ್ನೆಲ್ಲ ಫಂಕ್ಷನ್‌ಗಳಿರುವ ಕಡತದ ಕೊನೆಗೇ ಬರೆದಿಡಿ: 360ಕ್ಕೆ 4 ಮತ್ತು 2, 5ರ ಲೆಕ್ಕದಲ್ಲಿ 12 ಮತ್ತು ಮೂರು ಮೂರು, 100!ಕ್ಕೆ ಎರಡು ಸಮ ಭಾಗ, 245784ಕ್ಕೆ ಆರು, 100ರವರೆಗೆ 177 ಮತ್ತು 98. ಒಂದು ತಪ್ಪಿದರೂ ಎರರ್ ಆಜ್ಞೆ ಕರೆದು ಕಡತ ಓದುವುದೇ ಅಲ್ಲಿಗೆ ನಿಲ್ಲಲಿ. ರೀಡ್ ಎಂದು ಕಡತ ತೆರೆದಾಗಲೆಲ್ಲ ಐದೂ ಪರೀಕ್ಷೆ ಓಡಿ ಮುಗಿಯಲು ಒಂದು ಸೆಕೆಂಡೂ ಬೇಕಾಗುವುದಿಲ್ಲ.